ಹಿಂದಿನ ಹಲಗೆ

"ಮುಂದಿಂದು ಬ್ಯಾಡಪ್ಪ ನನಗ. ಹಿಂದಿಂದು ಬೇಕು."

ಗೋಪಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಕೈಯಲ್ಲಿದ್ದ ಗಾಜನ್ನು ಹುಷಾರಾಗಿ ಗೋಣಿತಟ್ಟಿನ ಮೇಲಿಟ್ಟು, ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಮುದುಕಿಯನ್ನು ಮತ್ತೊಮ್ಮೆ ನೋಡಿದ. ಮಸ್ಕಿಯ ಬಜಾರಿನಲ್ಲಿ ಪಟಗಳಿಗೆ ಕಟ್ಟು ಹಾಕುವವನು ಅವನೊಬ್ಬನೇ. ದೇವರ ಪಟ ಕೇಳಿಕೊಂಡು ಬಂದವರಿದ್ದರು, ಸತ್ತ ಅಪ್ಪನ ಚಿತ್ರ ಬರೆಸಲು ಬಂದವರಿದ್ದರು, ನಿಲುವುಗನ್ನಡಿಯ ಮುಂದೆ ನಿಂತು ಪುಕ್ಕಟೆ ಮೀಸೆ ತಿರುವಿ ಹೋದವರಿಗಂತೂ ಲೆಕ್ಕವಿರಲಿಲ್ಲ. ಪಟದ ಬೆನ್ನು ಬೇಕು ಎಂದವರನ್ನು ಅವನು ಈವರೆಗೆ ಕಂಡಿರಲಿಲ್ಲ.

"ಹಿಂದಿಂದು ಅಂದ್ರ ಏನಮ್ಮಾ? ಹಿಂದ ಬರೇ ಹಲಗಿ ಇರತೈತಿ. ಚಾಪುಡಿ ಪೆಟಗಿ ಒಡದು ಮೊಳಿ ಹೊಡದಿರತೀನಿ."

"ಅದೇ ಹಲಗಿ. ಬಳಗಾನೂರಾಗ ನಮ್ಮ ಜಂಬಣ್ಣ ಇದ್ದಾನಲ್ಲ, ಅವರ ಮನ್ಯಾಗ ನೋಡೀನಿ. ಗ್ವಾಡಿಗಿ ಸುಣ್ಣಾ ಹೊಡಿಯಾಕ ಅವರವ್ವನ ಪಟ ಇಳಿಸಿ ಅಂಗಳದಾಗ ತಿರುವಿ ಇಟ್ಟಿದ್ರು. ಹಿಂದ ಬಣ್ಣ ಇತ್ತು. ಮನಿಷಾ ಇಲ್ಲ, ಗಿಡಾ ಇಲ್ಲ, ಬರೇ ಬಣ್ಣ. ಅವರು ಪಟ ತಿರುಗಿ ಗ್ವಾಡಿಗಿ ಏರಿಸೋತನಕ ನಾ ಅಲ್ಲೇ ಕುಂತಿದ್ದೆ. ಅದನ್ನ ಯಾರು ಬರದಾರ ಹೇಳಪ್ಪ."

ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಳೆಮ್ಮನ ಕುಂಚ ನಿಂತಿತು. ಅವಳು ಗೋಪಣ್ಣನ ಹೆಂಡತಿ. ದಢೇಸುಗೂರಿನ ಕಡೆ ತೀರಿಹೋದ ಗೌಡರೊಬ್ಬರ ಮೀಸೆ ಬರೆಯುತ್ತಿದ್ದಳು. ಬೆಳಿಗ್ಗೆಯಿಂದ ಬಗ್ಗಿದ ಕತ್ತು ಕಲ್ಲಾಗಿತ್ತು, ಎಣ್ಣೆಯ ಘಾಟಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ಮೀಸೆ ಒಂದು ಕಡೆ ಗೌಡರದಾಗುತ್ತಿತ್ತು, ಇನ್ನೊಂದು ಕಡೆ ಯಾರದೋ ಆಗುತ್ತಿತ್ತು. ಹೊರಗಿನ ಮಾತು ಕೇಳಿ ಅವಳಿಗೆ ಕಳವು ಸಿಕ್ಕಿಬಿದ್ದಂತೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಸಂತೋಷವೂ ಆಯಿತು, ಅದು ಇನ್ನೂ ನಾಚಿಕೆ.

ಗಾಳೆಮ್ಮ ಚಿತ್ರಗಾರರ ಮಗಳು. ಅವಳಪ್ಪ ತೊಟ್ಟಿಲು ಪಲ್ಲಕ್ಕಿಗಳಿಗೆ ಬಣ್ಣ ಹಾಕುತ್ತಿದ್ದವನು. ಮುದಗಲ್ಲಿನಲ್ಲಿದ್ದ ಪಾದ್ರಿಯೊಬ್ಬರಿಂದ ಎಣ್ಣೆಬಣ್ಣದ ಕೆಲಸ ಕಲಿತು, ಗಂಡುಮಕ್ಕಳಿಲ್ಲದ್ದಕ್ಕೆ ಅದನ್ನು ಮಗಳ ಕೈಗೆ ಹಾಕಿ ಹೋಗಿದ್ದ. ಅಗಸೆ ಎಣ್ಣೆ ಕಾಯಿಸಿ ಆರಿಸಬೇಕು, ಅದರಲ್ಲಿ ಕಾವಿ, ಇಂಗಳೀಕ, ಹಳದಿ, ನೀಲಿ, ಕಾಡಿಗೆ ಅರೆಯಬೇಕು, ತೋಳು ಸೋಲುವ ತನಕ ಅರೆಯಬೇಕು. ಫೋಟೋ ತೆಗೆಸಿಕೊಳ್ಳದೆ ಸತ್ತವರ ಮುಖ ಬರೆದುಕೊಡುವುದೇ ಅವಳ ಕಸುಬಾಗಿತ್ತು. ಮನೆಯವರು ಎದುರಿಗೆ ಕೂತು ಹೇಳುತ್ತಾರೆ, ಅವಳು ಕೇಳಿಕೊಂಡು ಬರೆಯುತ್ತಾಳೆ. ಮಗ ಮೂಗು ಉದ್ದವಿತ್ತು ಎಂದರೆ ಸೊಸೆ ಮೊಂಡು ಎನ್ನುತ್ತಾಳೆ. ಬದುಕಿದ್ದಾಗ ಎಂಜಲುಗೈಯಲ್ಲಿ ಕಾಗೆ ಓಡಿಸದವನ ಮುಖದಲ್ಲೂ ದಾನಶೂರನ ಕಳೆ ಬರಬೇಕು.

ಎಲ್ಲ ಮುಗಿದ ಮೇಲೆ ಕಣ್ಣು. ಕಣ್ಣನ್ನು ಮನೆಯವರ ಎದುರಿಗೇ ತೆರೆಸಬೇಕು ಎನ್ನುವುದು ಅಪ್ಪನ ಕಾಲದ ಪದ್ಧತಿ. ಗೋಪಣ್ಣ ಊದಿನಕಡ್ಡಿ ಹಚ್ಚಿ, "ಇವರೇ ಹೌದಲ್ರೀ?" ಎಂದು ಕೇಳುತ್ತಾನೆ. ಮನೆಯವರು "ಹೌದ್ರೀ, ಇವರೇ" ಎಂದು ಅಳುತ್ತಾರೆ. ಆ ಮಾತು ಅವರ ಬಾಯಿಂದ ಬಂದರೆ ಮಾತ್ರ ಚಿತ್ರ ಮುಗಿದಂತೆ.

ಅಳುವವರು ಅತ್ತು ಹೋಗುತ್ತಿದ್ದರು, ಯಾರೂ ತಕರಾರು ಮಾಡಿರಲಿಲ್ಲ. ಆದರೆ ಹೋದ ವರ್ಷ ದಢೇಸುಗೂರಿನ ಕರಿಬಸಯ್ಯ ಯಾವುದೋ ಮದುವೆಗೆಂದು ಸಾಲಗುಂದಕ್ಕೆ ಹೋದವನು, ದೊಡ್ಡಬಸಪ್ಪನ ಪಡಸಾಲೆಯಲ್ಲಿ ತನ್ನ ಸ್ವಂತ ಕಾಕಾ ಹೂವಿನ ಹಾರ ಹಾಕಿಕೊಂಡು ಗೋಡೆಯ ಮೇಲೆ ಕೂತದ್ದನ್ನು ಕಂಡ. "ನಮ್ಮ ಕಾಕಾ ನಿಮ್ಮ ಮನ್ಯಾಗ ಯಾಕ ಕುಂತಾನ?" ಎಂದು ಇವನು, "ಹುಟ್ಟಿಸಿದ ಅಪ್ಪನ ಗುರುತು ನನಗಿಲ್ಲೇನು?" ಎಂದು ಅವನು. ಊಟದ ಪಂಕ್ತಿ ಅರ್ಧಕ್ಕೇ ಎದ್ದಿತು. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ. ಗೋಪಣ್ಣ ಇಬ್ಬರನ್ನೂ ಕರೆಸಿ ಚಹಾ ಕುಡಿಸಿ, "ದೊಡ್ಡ ಮನಷ್ಯಾರ ಕಳಾ ಎಲ್ಲಾ ಒಂದೇ ಇರತೈತ್ರೀ" ಎಂದು ಹೇಳಿ ಕಳಿಸಿದ. ಇಬ್ಬರೂ ಎದೆಯುಬ್ಬಿಸಿಕೊಂಡು ಹೋದರು.

ಗಾಳೆಮ್ಮ ಮಾತ್ರ ಕುಸಿದು ಕೂತಳು. ತಾನೇ ಬರೆದಿದ್ದ ಆ ಎರಡೂ ಪಟಗಳನ್ನು ಕಣ್ಣ ಮುಂದೆ ತಂದುಕೊಂಡಾಗ ಅವಳಿಗೆ ತಿಳಿದದ್ದು ಬೇರೆ. ಅದು ಕರಿಬಸಯ್ಯನ ಕಾಕಾನೂ ಅಲ್ಲ, ದೊಡ್ಡಬಸಪ್ಪನ ಅಪ್ಪನೂ ಅಲ್ಲ. ಅದು ಅವಳ ಅಪ್ಪ. ಎಷ್ಟೋ ವರ್ಷಗಳಿಂದ ಮೀಸೆ ಬದಲಿಸಿ, ರುಮಾಲು ಬದಲಿಸಿ, ಅವಳು ತನ್ನಪ್ಪನನ್ನೇ ಊರೂರಿನ ಗೋಡೆಗಳಿಗೆ ಕಳಿಸಿದ್ದಳು.

ಬಣ್ಣದ ಹಲಗೆಗಳು ಶುರುವಾದದ್ದು ಅದಕ್ಕೂ ಮುಂಚೆ, ಪೊಲೀಸ್ ಆಕ್ಷನ್ ಆಗಿ ನಿಜಾಮನ ರಜಾಕಾರರ ಗದ್ದಲ ಮುಗಿದ ಮೇಲಿನ ದಿನಗಳಲ್ಲಿ. ಆಗ ಬಂದವರೆಲ್ಲ ಹರೆಯದ ಮಕ್ಕಳ ಮುಖ ಬರೆಸಲು ಬಂದವರು. ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಿದ್ದರು. ಒಂದು ಮಧ್ಯಾಹ್ನ ಇನ್ನೊಂದು ಮುಖ ಬರೆಯಲು ಕೈ ಏಳಲೇ ಇಲ್ಲ. ಬಟ್ಟಲಿನಲ್ಲಿ ಉಳಿದಿದ್ದ ಬಣ್ಣವನ್ನು ಚಹಾಪೆಟ್ಟಿಗೆಯ ಹಲಗೆಯ ಮೇಲೆ ಸುರಿದು, ಚಿಂದಿಯಿಂದ ಎಳೆದಳು, ತಿಕ್ಕಿದಳು, ಮೇಲೆ ಇನ್ನೊಂದು ಬಣ್ಣ ಹಾಕಿದಳು. ಇಂಗಳೀಕದ ಕೆಂಪು ಕಾಡಿಗೆಯ ಅಡಿಯಿಂದ ಇಣುಕಿದ್ದನ್ನು ನೋಡುತ್ತಾ ಕೂತಳು. ಅದು ಯಾರ ಹಾಗೂ ಇರಬೇಕಾಗಿರಲಿಲ್ಲ. ಎಷ್ಟೋ ದಿನಗಳ ಮೇಲೆ ಅವತ್ತು ಅವಳಿಗೆ ನಿದ್ದೆ ಬಂತು.

"ಹೊಟ್ಟಿಗಿ ಹಿಟ್ಟಿಲ್ಲಂದ್ರೂ ಜುಟ್ಟಿಗಿ ಮಲ್ಲಿಗಿ ಹೂವು," ಎಂದು ಗೋಪಣ್ಣ ಗೊಣಗಿದ್ದ. ಆದರೂ ಕೆಟ್ಟವನಲ್ಲ, ಬಿಡು ಎನ್ನಲಿಲ್ಲ. ಹಲಗೆ ದಂಡವಾಗಬಾರದೆಂದು ಅವನ್ನೇ ಪಟಗಳ ಹಿಂದೆ ಹೊಡೆಯತೊಡಗಿದ. ಬಣ್ಣದ ಮಗ್ಗುಲು ಚಿತ್ರಕ್ಕೆ ತಾಗಿದರೆ ಅಂಟುತ್ತದೆಂದು ಅದನ್ನು ಹೊರಗೆ ಮಾಡುತ್ತಿದ್ದ. ಹಾಗಾಗಿ ಸುತ್ತಲ ಊರುಗಳಲ್ಲಿ ಸತ್ತ ಒಬ್ಬೊಬ್ಬರ ಬೆನ್ನಿಗೂ ಗಾಳೆಮ್ಮನ ಬಣ್ಣ ಗೋಡೆಗೆ ಮುಖ ಮಾಡಿ ನೇತಾಡುತ್ತಿತ್ತು. ಅದನ್ನು ಯಾರೂ ನೋಡುವುದಿಲ್ಲ ಎನ್ನುವುದೇ ಅವಳಿಗೊಂದು ಧೈರ್ಯವಾಗಿತ್ತು.

ಈಗ ಯಾರೋ ನೋಡಿಬಿಟ್ಟಿದ್ದರು.

ಅವಳು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ನಾನೇ ಬರದೀನಮ್ಮ. ಯಾಕ ಬೇಕಾಗಿತ್ತು?"

ಮುದುಕಿ ಅವಳ ಮುಖ ನೋಡಲಿಲ್ಲ, ಕೈ ನೋಡಿದಳು. ಉಗುರಿನ ಸಂದಿಗಳಲ್ಲಿ ಸೇರಿಕೊಂಡಿದ್ದ ಬಣ್ಣ ನೋಡಿದಳು. "ನನ್ನ ಹೆಸರು ಸುಭಾನಬಿ ಅಂತವ್ವ. ಬಳಗಾನೂರಾಗ ಅರಿವಿಗಿ ಬಣ್ಣ ಹಾಕೋ ಮಂದಿ ನಾವು. ಸಣ್ಣ ಮಗ ಶಾವಲಿ. ಗದ್ದಲದ ವರ್ಷ ಅರಿವಿ ಗಂಟು ಹೊತಗೊಂಡು ಸಿಂಧನೂರ ಸಂತಿಗಿ ಹೋದವ ಬರಲಿಲ್ಲ. ಲಿಂಗಸುಗೂರ ಕಚೇರಿಗಿ ತಿರುಗಿ ತಿರುಗಿ ಕಾಲು ಬಿದ್ದು ಹೋದುವು. ಸತ್ತಾನಂತ ಯಾರೂ ಹೇಳಲಿಲ್ಲ. ಇದ್ದಾನಂತನೂ ಹೇಳಲಿಲ್ಲ."

ಗೋಪಣ್ಣ ಒಳಗಿನಿಂದ ನೀರು ತಂದು ಇಟ್ಟ. ಸತ್ತವರ ದಿನಕರ್ಮ ಆಯಿತೇ ಎಂದು ಗಿರಾಕಿಗಳನ್ನು ಕೇಳುವ ಮಾತನ್ನೇ ಅವಳ ರೀತಿಯಲ್ಲಿ ಮೆತ್ತಗೆ ಕೇಳಿದ. "ಫಾತಿಹಾ ಎಲ್ಲಾ ಆಗೇತೇನಮ್ಮಾ?"

"ದೊಡ್ಡ ಮಗ ರಹಿಮಾನ, ಕೊಟ್ಟುಬಿಡೂಣು ಅಂತ ದಿನಾ ಅಂತಾನ. ನಾನೇ ಒಲ್ಲೆ ಅಂದೀನಿ. ಹೋಗ್ಯಾನ ಅನ್ನೂ ಮಾತು ನನ್ನ ಬಾಯಾಗ ಬರವಲ್ದು."

"ಇಲ್ಲಿ ನಾವು ಸತ್ತವರನ್ನ..." ಎಂದು ಗೋಪಣ್ಣ ಬಾಯಿ ತೆರೆದ. ಗಾಳೆಮ್ಮ ಕಣ್ಣು ಬಿಟ್ಟಳು, ಅವನು ಗಾಜು ಒರೆಸಲು ಹೋದ.

"ಅವನ ಮಾರಿ ಬರೀಲೇನಮ್ಮ?" ಎಂದು ಗಾಳೆಮ್ಮ ಕೇಳಿದಳು. ಬೇಡ ಎಂದರೆ ಸಾಕು ಎಂದು ಅವಳ ಇಡೀ ಮೈ ಬಯಸುತ್ತಿತ್ತು.

"ಬ್ಯಾಡವ್ವ. ಮಾರಿ ಇರೋ ಪಟ ನಮ್ಮ ಮನ್ಯಾಗ ಹಾಕಂಗಿಲ್ಲ. ಆ ಕ್ವಾಣ್ಯಾಗ ರಹಿಮಾನ ನಮಾಜ ಮಾಡತಾನ. ಮಾರಿ ನನಗ ನೆನಪೈತಿ." ಸುಭಾನಬಿ ನೀರಿನ ತಂಬಿಗೆಯನ್ನು ಎತ್ತಿದವಳು ಹಾಗೇ ಕೆಳಗಿಟ್ಟಳು. "ನೆನಪೈತಿ ಅಂತೀನಿ ಮಂದಿ ಮುಂದ. ಈಗೀಗ ಕಣ್ಣು ಮುಚ್ಚಿದ್ರ ರಹಿಮಾನನ ಮಾರಿ, ಅವನ ಮಾರಿ, ಎರಡೂ ಕೂಡಿ ಬಿಡತಾವು. ಯಾವುದು ಯಾರದು ತಿಳಿಯವಲ್ದು. ತಾಯಾಗಿ ಹಿಂಗ ಆಗಬಾರದು ನೋಡು."

ಗಾಳೆಮ್ಮನಿಗೆ ಸಾಲಗುಂದದ ಗೋಡೆಯ ಮೇಲಿನ ತನ್ನಪ್ಪ ನೆನಪಾದ. ಅವಳು ಮುದುಕಿಯ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತಳು. "ಮತ್ತ ನಾ ಏನ ಬರೀಲಿ? ಏನರ ಹೇಳು."

ಸುಭಾನಬಿ ಹೇಳಿದಳು. ಮುಖದ ಮಾತು ಒಂದೂ ಇರಲಿಲ್ಲ. ಮಗನ ಕೈ ಮೊಣಕೈಯ ತನಕ ನೀಲಿಯಿರುತ್ತಿತ್ತಂತೆ. ಉಣ್ಣಲು ಕೂತಾಗ, ಕೈ ತೊಳೆದು ಬಾರೋ ಹೊಲಸಾ, ಎಂದು ದಿನಾ ಬೈಯುತ್ತಿದ್ದಳಂತೆ. ತೊಳೆದರೂ ಹೋಗದ ಬಣ್ಣಕ್ಕೆ ಅವನಾದರೂ ಏನು ಮಾಡಿಯಾನು.

"ನಿನಗೊಂದು ಹೇಳತೀನಿ ನೋಡವ್ವ. ನೀಲಿ ಬಾನಿಯೊಳಗಿಂದ ಅರಿವಿ ಮ್ಯಾಲ ತಗದಾಗ ಅದು ನೀಲಿ ಇರಂಗಿಲ್ಲ. ಹಸರಿರತೈತಿ, ಎಳೀ ಹಸರು. ಗಾಳಿ ಹತ್ತಿದಂಗ ಹತ್ತಿದಂಗ ನೀಲಿ ಆಗತೈತಿ. ಅದು ತಿರುಗೂದು ನೋಡಾಕ ಅವ ನನ್ನ ಕರೀತಿದ್ದ. ಅಮ್ಮಾ ಬಾ, ಲಗೂನ ಬಾ, ಹೋತು ಹೋತು ಅಂತ. ನಾ ರೊಟ್ಟಿ ಬಡಿಯಾಕತ್ತೀನಿ, ಸುಮ್ನಿರೋ ಅಂತಿದ್ದೆ. ಹತ್ತ ಸರತಿ ಕರದ್ರ ಒಂದ ಸರತಿ ಹೋಗತಿದ್ದೆ."

ಬಸ್ಸು ಬರುವ ಹೊತ್ತಾಗಿತ್ತು. ಏಳುವಾಗ ಸುಭಾನಬಿ ಗಾಳೆಮ್ಮನ ಮೊಣಕಾಲ ಮೇಲೆ ಕೈ ಊರಿದಳು. "ಬರದಿಡು. ಅಮಾಸಿ ಆದ ಮ್ಯಾಲ ಬರತೀನಿ. ಅವನೇ ಹೌದಾದ್ರ ಹೌದಂತೀನಿ, ಅಲ್ಲಂದ್ರ ಅಲ್ಲಂತೀನಿ. ಸುಳ್ಳು ಹೇಳಂಗಿಲ್ಲ."

ಆ ಚಿತ್ರಕ್ಕೆ ಗೋಪಣ್ಣ ಒಂದು ಹಳೆಯ ಬಾಗಿಲ ತೇಗದ ಹಲಗೆ ಕೊಟ್ಟ. ಬಾಯಿ ಗೊಣಗಿದರೂ ಕೈ ಅದನ್ನು ಚೊಕ್ಕಾಗಿ ಉಜ್ಜಿ, ನುಣುಪು ಮಾಡಿ ಕೊಟ್ಟಿತು. ಗಾಳೆಮ್ಮ ಕೋಣೆಗೆ ಹೋಗಿ ಕೂತಳು, ಕೈ ಬರಲಿಲ್ಲ. ಯಾರಿಗೂ ಬೇಡವಾದದ್ದನ್ನು ಬರೆಯುವಾಗ ನೀರಿನ ಹಾಗೆ ಹರಿಯುತ್ತಿದ್ದ ಕೈ, ಬೇಕು ಎಂದೊಡನೆ ಬಿಗಿದುಕೊಂಡಿತು. ಮೊದಲು ಹಗ್ಗದ ಮೇಲೆ ನೇತುಹಾಕಿದ ಅರಿವೆಗಳ ಹಾಗೆ ಏನೋ ಬರೆದಳು. ಅಂಗಡಿಯ ಬೋರ್ಡಿನ ಹಾಗೆ ಕಂಡಿತು. ಕೆರೆದು ತೆಗೆದಳು. ನೀಲಿಯೊಂದನ್ನೇ ಬಳಿದಳು. ಅದು ಸುಮ್ಮನೆ ನೀಲಿಯಾಗಿ ಕೂತಿತು. ಅದನ್ನೂ ಕೆರೆದಳು. ಎದುರಿನ ಗೋಡೆಗೆ ಒರಗಿಸಿದ್ದ ದಢೇಸುಗೂರಿನ ಗೌಡರು ಕಣ್ಣಿಲ್ಲದೆ ಅವಳ ಅವಸ್ಥೆ ನೋಡುತ್ತಿದ್ದರು.

ಗೋಪಣ್ಣ ಆಗಾಗ ಇಣುಕುತ್ತಿದ್ದ. "ಮುಗೀತೇನು?"

"ಕಣ್ಣಿಲ್ಲ, ಮೂಗಿಲ್ಲ. ಮುಗೀತು ಅಂತ ಹೆಂಗ ತಿಳೀಬೇಕ್ರೀ ನನಗ?"

"ನಿನಗ ತಿಳೀದಿದ್ದು ನನಗೇನ ತಿಳೀತೈತಿ? ಒಂದು ಮಾತು ಹೇಳಲೇನು, ಬ್ಯಾಸರ ಮಾಡಕೋಬ್ಯಾಡ. ಆ ಅಮ್ಮ ಪಾಪ, ಏನೋ ದುಃಖದಾಗ ಕೇಳ್ಯಾಳ. ಬಂದು ನೋಡಿ, ಇದೇನಿದು, ಗ್ವಾಡಿಗಿ ಸಾರಿಸಿದಂಗೈತಿ ಅಂದ್ರ ಏನ ಮಾಡತಿ?"

ಗಾಳೆಮ್ಮ ಕೆರೆದ ಬಣ್ಣವನ್ನು ಚಿಂದಿಗೆ ಒರೆಸಿದಳು. ಏನು ಮಾಡಬೇಕೆಂದು ಅವಳು ಆಗಲೇ ತೀರ್ಮಾನಿಸಿದ್ದಳು. ಸುಭಾನಬಿ ಅಲ್ಲ ಎಂದರೆ ಈ ಬಣ್ಣದ ಹುಚ್ಚು ಅವತ್ತಿಗೇ ಕೊನೆ. ಹಲಗೆಗಳನ್ನೆಲ್ಲ ಒಲೆಗೆ ಹಾಕಿ, ಸಾಯುವತನಕ ಮೀಸೆ ಬರೆದುಕೊಂಡು ಇದ್ದುಬಿಡುವುದು. ಹಾಗಂದುಕೊಂಡಾಗ ಅಳು ಬರಲಿಲ್ಲ, ಬರೀ ಸುಸ್ತು ಬಂತು. ಸತ್ತವರ ಕೆಲಸದ ದಣಿವು ಕತ್ತಿನಲ್ಲಿರುತ್ತಿತ್ತು. ಈ ದಣಿವು ಎಲ್ಲಿದೆ ಎಂದು ಹೇಳಲಿಕ್ಕೂ ಬರುತ್ತಿರಲಿಲ್ಲ.

ಅಮಾವಾಸ್ಯೆ ಮುಗಿದರೂ ಹಲಗೆ ಬರಿದಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಅವಳು ನೀಲಿ ಅರೆಯಲು ಕೂತಳು. ಅರೆಯುತ್ತಾ ಅರೆಯುತ್ತಾ ಕಲ್ಲಿನ ಮೇಲೆ ಹೋಗಿಬರುವ ತನ್ನ ಕೈಯನ್ನೇ ನೋಡಿದಳು. ಅದು ಅಪ್ಪನ ಕೈ. ಹೆಬ್ಬೆರಳು ಅದೇ ತರಹ ಹೊರಗೆ ಬಾಗಿತ್ತು, ಉಗುರಿನ ಬುಡ ಅದೇ ತರಹ ಕಪ್ಪಾಗಿತ್ತು. ಊರ ತುಂಬ ಅಪ್ಪನ ಮುಖ ಬರೆದವಳಿಗೆ ಅಪ್ಪನ ಕೈ ಇಲ್ಲೇ ಇದೆ ಎನ್ನುವುದು ನೆನಪಿಗೇ ಬಂದಿರಲಿಲ್ಲ. ಅವಳು ಕುಂಚವನ್ನು ಎಣ್ಣೆಯ ಬಟ್ಟಲಲ್ಲಿ ಬಿಟ್ಟು, ನೀಲಿಯನ್ನು ಅಂಗೈಗೇ ತೆಗೆದುಕೊಂಡಳು.

ಆಮೇಲೆ ಯಾವುದು ಮೊದಲು, ಯಾವುದು ನಂತರ ಎಂದು ಅವಳಿಗೂ ತಿಳಿಯಲಿಲ್ಲ. ಕೆಳಗೆ ಬಾನಿಯ ತಳದಷ್ಟು ಕಪ್ಪಾದ ನೀಲಿಯನ್ನು ಎರಡೂ ಕೈಯಿಂದ ಒತ್ತಿ ಒತ್ತಿ ಕೂರಿಸಿದಳು. ಅದರೊಳಗಿಂದ ಎಳೆಯ ಹಸಿರನ್ನು ಮೇಲಕ್ಕೆ ಎಳೆದಳು, ಒದ್ದೆ ಅರಿವೆಯನ್ನು ಎತ್ತುವ ಭಾರದಲ್ಲಿ, ಬೆನ್ನು ಹಿಡಿಯುವ ಹಾಗೆ ಎಳೆದಳು. ಹಸಿರಿನ ಅಂಚಿಗೆ ಗಾಳಿ ತಾಗುತ್ತಿತ್ತು. ಅಲ್ಲಿ ಅದು ನೀಲಿಗೆ ತಿರುಗಲು ಹೊರಟು, ತಿರುಗದೆ ನಿಂತಿತ್ತು. ಮೇಲೆ ಎಡಕ್ಕೆ ಒಂದಿಷ್ಟು ಇಂಗಳೀಕ ಬಿತ್ತು, ಒಲೆಯ ಕೆಂಡದಷ್ಟು. ಅದು ಯಾಕೆ ಬೇಕೆಂದು ಯಾರಾದರೂ ಕೇಳಿದ್ದರೆ, ರೊಟ್ಟಿ ಬಡಿಯಾಕತ್ತಾಳಲ್ಲ ಎಂದು ಹೇಳುತ್ತಿದ್ದಳೋ ಏನೋ. ಕೈ ಇನ್ನು ಏಳುವುದಿಲ್ಲ ಎನ್ನುವಷ್ಟು ಸೋತಾಗ ನಿಲ್ಲಿಸಿದಳು. ಮುಗಿಯಿತು ಎನ್ನುವ ಧೈರ್ಯವಿರಲಿಲ್ಲ.

ಅವತ್ತೇ ಸುಭಾನಬಿ ಬಂದಳು. ಗೋಪಣ್ಣ ಹಲಗೆಯನ್ನು ಅಂಗಡಿಯ ಬೆಳಕಿಗೆ ತಂದು ಗೋಡೆಗೆ ಒರಗಿಸಿದ. ಅಭ್ಯಾಸದ ಮೇಲೆ ಊದಿನಕಡ್ಡಿ ಹಚ್ಚಿದ. ಅಭ್ಯಾಸದ ಮೇಲೆಯೇ, "ಇವರೇ..." ಎಂದು ಶುರು ಮಾಡಿ, ನಾಲಿಗೆ ಕಚ್ಚಿಕೊಂಡ. ಗಾಳೆಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಎಷ್ಟೋ ಮನೆಯವರು ಎಷ್ಟೋ ಮುಖ ನೋಡಿ ಅತ್ತದ್ದನ್ನು ಕಂಡವಳಿಗೆ ಈಗ ಮೊದಲ ಸಲ ಭಯವಾಗಿತ್ತು.

ಸುಭಾನಬಿ ಅಳಲಿಲ್ಲ. ಮೊದಲು ದೂರದಿಂದ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಹತ್ತಿರ ಹೋಗಿ ನೋಡಿದಳು. ಬಜಾರಿನಲ್ಲಿ ಯಾರೋ ಎತ್ತಿಗೆ ಬೈಯುತ್ತಾ ಹೋದರು. ಹಸಿ ಐತಮ್ಮ ಎಂದು ಗಾಳೆಮ್ಮ ಹೇಳುವಷ್ಟರಲ್ಲಿ ಮುದುಕಿ ತನ್ನ ಬಲಗೈಯನ್ನು ಆ ಹಸಿರಿನ ಮೇಲೆ ಇಟ್ಟುಬಿಟ್ಟಿದ್ದಳು. ಮಗುವಿನ ಹಣೆಯ ಬಿಸಿ ನೋಡುವವರ ಹಾಗೆ ಇಟ್ಟು, ಹಾಗೇ ನಿಂತಳು.

"ಗಾಳಿ ಹತ್ತಿದ್ರ ಇದು ನೀಲಿ ಆಗತೈತೇನವ್ವ?"

"ಇಲ್ಲಮ್ಮ. ಇದು ಎಣ್ಣಿ ಬಣ್ಣ. ಒಣಗಿದ್ರೂ ಹಿಂಗೇ ಇರತೈತಿ."

"ಹಿಂಗೇ ಇರತೈತಿ," ಎಂದಳು ಸುಭಾನಬಿ. "ಈಗ ಎಷ್ಟೊತ್ತಿಗಿ ಬಂದ್ರೂ ಸಿಗತೈತಿ ಹಂಗಾರ."

ಅಲ್ಲಿಯೇ ನೆಲದ ಮೇಲೆ ಕುಸಿದು ಕೂತು, ಆರು ವರ್ಷ ಹಿಡಿದಿಟ್ಟುಕೊಂಡಿದ್ದನ್ನೆಲ್ಲ ಅತ್ತಳು. ಗಾಳೆಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಳು. ಗೋಪಣ್ಣ ಊದಿನಕಡ್ಡಿ ಆರಿಸಿದ. ಬಹಳ ಹೊತ್ತಿನ ಮೇಲೆ ಮುದುಕಿ ಮೂಗು ಒರೆಸಿಕೊಂಡು, ಯಾರೂ ಕೇಳದಿದ್ದರೂ ಉತ್ತರ ಕೊಟ್ಟಳು.

"ಹೌದವ್ವ. ಇವನೇ." ಮತ್ತೆ ಅಂದಳು, "ಮನಿಗಿ ಹೋಗಿ ರಹಿಮಾನಗ ಹೇಳತೀನಿ. ಫಾತಿಹಾ ಕೊಡ್ಲಿ."

ಹಲಗೆ ಒಣಗಲು ಇನ್ನೂ ಬಹಳ ದಿನ ಬೇಕಿತ್ತು, ಅವತ್ತು ಒಯ್ಯುವ ಹಾಗಿರಲಿಲ್ಲ. ಅವಳು ಹೊರಡಲು ಎದ್ದಾಗ ಗೋಪಣ್ಣ ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿ ಹಿಡಿದು ಓಡಿ ಬಂದ. "ಕೈ ಕೊಡಮ್ಮಾ, ಒರಸತೀನಿ. ನೀರಿಲೆ ಹೋಗಂಗಿಲ್ಲ ಅದು."

ಸುಭಾನಬಿ ಕೈಯನ್ನು ಬೆನ್ನ ಹಿಂದೆ ತೆಗೆದುಕೊಂಡಳು. "ಇರಲಿ ಬಿಡಪ್ಪ," ಎಂದಳು.

ಗಾಳೆಮ್ಮ ಒಳಗೆ ಬಂದಳು. ಹಸಿರಿನ ನಡುವೆ ಮುದುಕಿಯ ಅಂಗೈ ಬೆರಳು ಸಮೇತ ಮೂಡಿತ್ತು. ತಿದ್ದಲೆಂದು ಕುಂಚ ಎತ್ತಿದವಳು ಹಾಗೇ ಕೆಳಗಿಟ್ಟಳು. ಹಿತ್ತಲಲ್ಲಿ ಗೋಪಣ್ಣ ದಢೇಸುಗೂರಿನ ಗೌಡರ ಬೆನ್ನಿಗೆ ಹಲಗೆ ಹುಡುಕುತ್ತಿದ್ದ. ಬಣ್ಣದ್ದೊಂದನ್ನು ಎತ್ತಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುವಿ ನೋಡಿದ. ಅದನ್ನು ಗೋಡೆಗೆ ಒರಗಿಸಿಟ್ಟು, ಹೊಸ ಚಹಾಪೆಟ್ಟಿಗೆಯೊಂದನ್ನು ಒಡೆಯತೊಡಗಿದ.

ಹೊರಗೆ ಸುಭಾನಬಿ ಹತ್ತಿದ ಸಿಂಧನೂರಿನ ಬಸ್ಸು ಧೂಳೆಬ್ಬಿಸಿಕೊಂಡು ಹೊರಟಿತ್ತು. ಕಾಲುವೆ ಅಗೆಯಲು ಹೋಗುವ ಕೂಲಿಯವರು ಬುಟ್ಟಿ ಸಲಿಕೆ ಸಮೇತ ತುಂಬಿಕೊಂಡಿದ್ದರು. ಗಾಳೆಮ್ಮ ಹೊರಗೆ ಬಂದು ಕಟ್ಟೆಯ ಮೇಲೆ ನಿಂತು ನೋಡಿದಳು. ಕಿಟಕಿಯ ಸರಳು ಹಿಡಿದ ಒಂದು ಕೈ ಮಾತ್ರ ಕಾಣುತ್ತಿತ್ತು. ಗಾಳಿ ಬೀಸುತ್ತಿದ್ದರೂ ಅದು ಹಸಿರಾಗಿಯೇ ಇತ್ತು.